ತುಂಗಭದ್ರೆಯನ್ನು ಕುಡಿದ ಯಂತ್ರ

ಕಂಪ್ಯೂಟರಿಗೆ ಕುಂಕುಮ ಹಚ್ಚುವವರನ್ನು ಬಹುಕಾಲ ಗೇಲಿ ಮಾಡಿದವನು ನಾನು. ಆದ್ದರಿಂದ ನಾನು ಪಾಠ ಮಾಡುವ ದಾವಣಗೆರೆಯ ಕಾಲೇಜಿಗೆ ಗ್ರಾಫಿಕ್ಸ್ ಪ್ರೊಸೆಸರ್ ಇದ್ದ ಹೊಸ ಯಂತ್ರ ಬಂದ ದಿನ, ಅದಕ್ಕೆ ಮಾಲೆ ಹಾಕಿದ ಪ್ರಾಂಶುಪಾಲರನ್ನು ಕಂಡು ಮುಸಿಮುಸಿ ನಕ್ಕೆ. ಕಂಪ್ಯೂಟರ್ ಆಟಗಳ ಚಿತ್ರಗಳನ್ನು ಓಡಿಸಲು ಹುಟ್ಟಿದ ಈ ಚಿಪ್ ಸಾವಿರಾರು ಸಣ್ಣ ಲೆಕ್ಕಗಳನ್ನು ಏಕಕಾಲಕ್ಕೆ ಮಾಡುತ್ತದೆಂಬುದಷ್ಟೇ ಅದರ ಮಹಿಮೆ. ನನ್ನ ಭಕ್ತಿ ಇನ್ನೂ ಅಗ್ಗದ್ದೆಂದು ಆಮೇಲೆ ತಿಳಿಯಿತು: ಅವರು ಯಂತ್ರಕ್ಕೆ ಕೈಮುಗಿದರು, ನಾನು ಅದರ ವೇಗಕ್ಕೆ.

ನಿವೃತ್ತ ಅಧ್ಯಾಪಕಿ ಶಾರದಮ್ಮನವರು ಬರೆದ ಹಳೆಯ ಪ್ರೋಗ್ರಾಮೊಂದು ನಮ್ಮಲ್ಲಿತ್ತು. ತುಂಗಭದ್ರೆ ಉಕ್ಕಿದರೆ ಹರಿಹರದಲ್ಲಿ ಎಲ್ಲಿಯವರೆಗೆ ನೀರು ಬರುತ್ತದೆಂದು, ನದಿಯನ್ನೂ ದಂಡೆಯನ್ನೂ ಚೌಕಚೌಕವಾಗಿ ಕತ್ತರಿಸಿ ಲೆಕ್ಕ ಹಾಕುವ ಅದು ಒಂದು ಪ್ರವಾಹಕ್ಕೆ ಇಡೀ ದಿನ ತೆಗೆದುಕೊಳ್ಳುತ್ತಿತ್ತು. ಎತ್ತಿನಗಾಡಿಯೆಂದು ಹಂಗಿಸಿ, ಅದನ್ನು ಹೊಸ ಯಂತ್ರಕ್ಕೆ ಒಗ್ಗಿಸಿದೆ. ಹಿಂದಿನ ಪ್ರವಾಹದ ಅಂಕಿಗಳನ್ನು ಕೊಟ್ಟು, ಚಹಾ ಕುಡಿದು ಬರುವಷ್ಟರಲ್ಲಿ ಪ್ರವಾಹ ಬಂದು ಇಳಿದೂ ಹೋಗಿತ್ತು! ಪ್ರಾಂಶುಪಾಲರು ಮುಳುಗುವ ಜಾಗಗಳ ನಕ್ಷೆಯನ್ನು ಬಣ್ಣದಲ್ಲಿ ಅಚ್ಚು ಹಾಕಿಸಿ, ಅದನ್ನು ಜಿಲ್ಲಾಡಳಿತದ ಅಧಿಕಾರಿಗಳಿಗೆ ಕೊಡುವ ಸಮಾರಂಭಕ್ಕೆ ಶಾಲು ತರಿಸಿದರು.

ಸಮಾರಂಭಕ್ಕೆ ಬೇಕಾದ ಫೋಟೊ ತೆಗೆಯಲೆಂದು ನಕ್ಷೆ ಹಿಡಿದು ಹರಿಹರದ ನದಿದಂಡೆಯ ಓಣಿಗೆ ಹೋದೆ. ಅಲ್ಲಿ ಟ್ರಂಕು ರಿಪೇರಿ ಮಾಡುವ ಮೆಹಬೂಬ್ ಸಾಬರು, ನಕ್ಷೆಯಲ್ಲಿ ತಮ್ಮ ಓಣಿ ಒಣಗಿಕೊಂಡಿರುವುದನ್ನು ನೋಡಿ ಸುತ್ತಿಗೆ ಕೆಳಗಿಟ್ಟರು.

“ಹಿಂದಿನ ಸಲ ನೀರು ಇಷ್ಟು ಬಂದಿತ್ರಿ ಸರ್,” ಎಂದು ಎದೆಮಟ್ಟಕ್ಕೆ ಕೈಯಿಟ್ಟರು. “ನಿಮ್ ಮಿಷಿನ್ನು ಕುಡಿದುಬಿಡ್ತೇನ್ರಿ?”

ನೆಟ್ಟಗೆ ವಿನೋಬನಗರದ ಶಾರದಮ್ಮನವರ ಮನೆಗೆ ಹೋದೆ. ಅವರು ನನ್ನ ವೇಗಪುರಾಣವನ್ನು ಪೂರ್ತಿ ಕೇಳಿಸಿಕೊಂಡು, “ಒಳಗೆ ಬಂದ ನೀರು, ಹೊರಗೆ ಹೋದ ನೀರು ತಾಳೆ ನೋಡಿದ್ರೇನು?” ಎಂದರು.

“ಇಲ್ಲ ಮೇಡಂ.”

“ಮತ್ತೇನು ನೋಡಿದ್ರಿ?”

ಗಡಿಯಾರ ನೋಡಿದ್ದೆ.

ಇಬ್ಬರೂ ಕೂತು ಹುಡುಕಿದಾಗ ತಪ್ಪು ಸಿಕ್ಕಿತು. ಹೊಸ ಯಂತ್ರದಲ್ಲಿ ಅಕ್ಕಪಕ್ಕದ ಚೌಕಗಳು ಒಂದೇ ಚೌಕಕ್ಕೆ ಒಟ್ಟಿಗೆ ನೀರು ಸುರಿದಾಗ, ಒಂದು ಬರೆದ ಮೊತ್ತದ ಮೇಲೆ ಇನ್ನೊಂದು ತನ್ನದನ್ನು ಬರೆದುಬಿಡುತ್ತಿತ್ತು. ಹೀಗೆ ಅರ್ಧ ನದಿಯೇ ಮಾಯ. ಸರದಿಯ ಮೇಲೆ ಸುರಿಯುವಂತೆ ತಿದ್ದಿದೆವು. ವೇಗ ಕುಗ್ಗಿತು, ಓಣಿಗೆ ನೀರು ಮರಳಿತು.

“ಆಮಂತ್ರಣದ ಕಾರ್ಡು ಹಂಚಿ ಆಗೈತ್ರಿ. ಸಮಾರಂಭ ಮುಗೀಲಿ, ಆಮೇಲೆ ತಿದ್ದೋಣ,” ಎಂದರು ತಪ್ಪಿನ ಸುದ್ದಿ ಕೇಳಿದ ಪ್ರಾಂಶುಪಾಲರು.

ವೇದಿಕೆಯಲ್ಲಿ ಮೈಕು ಕೈಗೆ ಬಂದಾಗ ಬಣ್ಣದ ನಕ್ಷೆಯತ್ತ ಬೆರಳು ತೋರಿಸಿದೆ. “ಆ ನಕ್ಷೆ ತಪ್ಪು. ತಪ್ಪು ಮಾಡಿದವನು ನಾನು. ಇದು ಸರಿಯಾದದ್ದು,” ಎಂದು ಇನ್ನೊಂದನ್ನು ಅಧಿಕಾರಿಗಳತ್ತ ಚಾಚಿದೆ. ಪ್ರಾಂಶುಪಾಲರು ನನಗೆಂದು ತಂದಿದ್ದ ಶಾಲನ್ನು ಅಚ್ಚುಕಟ್ಟಾಗಿ ಮಡಿಚಿ ಚೀಲಕ್ಕೆ ಸೇರಿಸಿದರು; ಅಂದಿನಿಂದ ನನ್ನೊಡನೆ ಮಾತಿಲ್ಲ.

ಆ ಮಳೆಗಾಲ ನದಿ ಏರತೊಡಗಿದಾಗ ಅಧಿಕಾರಿಗಳು ಓಣಿಯನ್ನು ಮುಂಚಿತವಾಗಿಯೇ ಖಾಲಿ ಮಾಡಿಸಿದರು. ನಾನು ಹೋದಾಗ ಮೆಹಬೂಬ್ ಸಾಬರು ಟ್ರ್ಯಾಕ್ಟರಿಗೆ ಟ್ರಂಕು ಏರಿಸುತ್ತಿದ್ದರು. ನಕ್ಷೆಯ ಮಾತೆತ್ತಲು ನಾನು ಬಾಯಿ ತೆರೆದೆ.

“ನೋಡ್ತಾ ನಿಂತ್ರೆ ಹೆಂಗ್ರಿ ಸರ್? ಆ ಕಡೆ ಹಿಡೀರಿ,” ಎಂದರು.

ಹಿಡಿದೆ.