ದೊಡ್ಡಮ್ಮನ ಕಪಾಟಿಗೆ ನಾನು ಮಾಡಿದ ಉಪಕಾರ

ದೊಡ್ಡಮ್ಮನ ಊರಿನ ಚರ್ಚಿನ ವರ್ಷದ ವರದಿ ಬರೆಯಲು ನನ್ನನ್ನೇ ಆರಿಸಿದ್ದು ನನ್ನ ಪ್ರತಿಭೆ ನೋಡಿ ಅಂತ ಎರಡು ದಿನ ನಂಬಿದ್ದೆ. ಮೂರನೇ ದಿನ ಪಾದ್ರಿಗಳೇ ಆ ಭ್ರಮೆ ಬಿಡಿಸಿದರು.

"ಹಾಗೇನಿಲ್ಲಮ್ಮಾ, ನಿನ್ನ ಹತ್ರ ಲ್ಯಾಪ್‌ಟಾಪ್ ಇದೆ. ರಜಕ್ಕೆ ಬಂದೋಳು ಬರೀ ಬಿದ್ಕೊಂಡಿರ್ತಾಳೆ ಅಂತ ನಿಮ್ಮ ದೊಡ್ಡಮ್ಮನೂ ಹೇಳಿದ್ರು."

ಇರಲಿ. ಏನೇನು ಬರೆಯಬೇಕು ಅಂತ ಒಂದು ಹಾಳೆ ಕೊಟ್ಟರು. ಕ್ರಿಸ್ಮಸ್ ಎದುರಿಗೆ ನಾಲ್ಕು ಸಾಲು, ಶುಭ ಶುಕ್ರವಾರಕ್ಕೆ ಎರಡು, ಈಸ್ಟರ್‌ಗೆ ಮೂರು. ಕಟ್ಟಕಡೆಗೆ 'ಮನೆ ಭೇಟಿ', ಅದರ ಎದುರಿಗೆ ಒಂದೇ ಪದ: ದೊಡ್ಡಮ್ಮ.

ನನಗೆ ಅವಳು ಅಮ್ಮನ ಅಕ್ಕ, ಊರಿಗೆಲ್ಲ ಸುಮ್ಮನೆ ದೊಡ್ಡಮ್ಮ. ಮದುವೆಯಾಗಿ ಬಂದ ವರ್ಷ ಮಾವನ ಕೈಯಿಂದ ಚರ್ಚಿನ ಗಂಟೆಯ ಹಗ್ಗ ಹಿಡಿದವಳು, ಮೂವತ್ತೊಂದು ವರ್ಷವಾದರೂ ಬಿಟ್ಟಿಲ್ಲ. ಆರಾಧನೆ ನಡೆಯುವಷ್ಟು ಹೊತ್ತೂ ಹಿಂದಿನ ಗಂಟೆ ಕೋಣೆಯಲ್ಲಿ ಸ್ಟೂಲ್ ಮೇಲೆ ಕೂತಿರುತ್ತಾಳೆ. ಅಲ್ಲಿಗೆ ಎಲ್ಲವೂ ಕೇಳಿಸುತ್ತದೆ, ಏನೂ ಕಾಣಿಸುವುದಿಲ್ಲ.

ಚರ್ಚಿನ ಬಾಗಿಲ ಪಕ್ಕದಲ್ಲಿ ಅರವತ್ತೆರಡು ಗೂಡುಗಳ ಒಂದು ಮರದ ಕಪಾಟಿದೆ. ಒಂದೊಂದು ಗೂಡಿನಲ್ಲಿ ಒಬ್ಬೊಬ್ಬರ ಕೀರ್ತನೆ ಪುಸ್ತಕ. ಬರುವಾಗ ತೆಗೆದುಕೊಳ್ಳಬೇಕು, ಹೋಗುವಾಗ ಇಡಬೇಕು. ಪಾದ್ರಿಗಳ ಪ್ರಸಂಗ ಶುರುವಾದ ಮೇಲೆ ದೊಡ್ಡಮ್ಮ ಮೆಲ್ಲಗೆ ಬಂದು ನೋಡುತ್ತಾಳೆ. ಉಳಿದ ಪುಸ್ತಕ ಯಾರದೋ ಅವರು ಬಂದಿಲ್ಲ. ಆ ಪುಸ್ತಕ ಚೀಲ ಸೇರುತ್ತದೆ, ಆರಾಧನೆ ಮುಗಿದದ್ದೇ ಅವರ ಮನೆಗೆ ಹೋಗುತ್ತದೆ. ಯಾಕೆ ಬರಲಿಲ್ಲ ಅಂತ ಅವಳು ಕೇಳುವುದಿಲ್ಲ. "ಪುಸ್ತಕ ನಿಮ್ಮನ್ನ ಕೇಳ್ಕೊಂಡು ಬಂತು" ಅನ್ನುತ್ತಾಳೆ, ಅಷ್ಟೇ. ಜ್ವರ ಬಂದಿದ್ದರೆ ಗಂಜಿ ಕಾಸಿಟ್ಟು ಬರುತ್ತಾಳೆ, ಹಸುಗೂಸಿದ್ದರೆ ಸ್ನಾನ ಮಾಡಿಸಿ ಬರುತ್ತಾಳೆ. ಒಮ್ಮೆ ಬೆಂಚಿನ ಜಾಗಕ್ಕೆ ಜಗಳವಾಡಿ ಬಡಗಿ ಹನ್ನೊಂದು ಭಾನುವಾರ ಚರ್ಚಿನ ಕಡೆ ತಲೆ ಹಾಕಲಿಲ್ಲ. ಹನ್ನೊಂದು ಸಲವೂ ಪುಸ್ತಕ ಹೋಯಿತು. ಹನ್ನೆರಡನೇ ವಾರ ಬಡಗಿಯೇ ಬಂದ. "ನಿಮಗೆ ನಡೆದು ಸಾಕಾಗ್ಲಿಲ್ಲ, ನನಗೆ ಬಾಗಿಲು ತೆಗೆದು ಸಾಕಾಯ್ತು."

ಇಂಥ ಕಪಾಟಿನ ಮೇಲೆ ನನ್ನ ಕಣ್ಣು ಬಿತ್ತು.

ಶನಿವಾರ ದೊಡ್ಡಮ್ಮ ಪಕ್ಕದ ಬೀದಿಯ ಬಾಣಂತಿಯನ್ನು ನೋಡಲು ಹೋಗಿದ್ದಳು. ವರದಿಗೊಂದು ಫೋಟೊ ಬೇಕಿತ್ತು, ಕಪಾಟು ನೋಡಿದರೆ ಅಸಹ್ಯ. ಒಂದು ಪುಸ್ತಕಕ್ಕೆ ಎಣ್ಣೆ ಕಲೆ, ಒಂದಕ್ಕೆ ಕೆಂಪು ದಾರ, ಒಂದರೊಳಗೆ ಹಳೇ ಬಸ್ ಟಿಕೆಟ್. ನಾನು ಒಂದನೇ ಕ್ಲಾಸಿನಿಂದ ಬೈಂಡ್ ಹಾಕುವುದರಲ್ಲಿ ಎತ್ತಿದ ಕೈ, ನಿಜ ಹೇಳಬೇಕೆಂದರೆ ಸ್ಕೂಲಿನಲ್ಲಿ ನನಗೆ ಬಹುಮಾನ ಬಂದದ್ದು ಅದೊಂದಕ್ಕೇ. ಸಂಜೆಯೊಳಗೆ ಅರವತ್ತೆರಡಕ್ಕೂ ಬ್ರೌನ್ ಕಾಗದದ ಬೈಂಡ್ ಹಾಕಿದೆ. ದಾರ, ಟಿಕೆಟ್, ಒಣ ಎಲೆ ಎಲ್ಲ ಕಸದ ಚೀಲಕ್ಕೆ ಹೋಯಿತು. ಫೋಟೊ ಅಂದರೆ ಫೋಟೊ! ಇಟ್ಟಿಗೆ ಜೋಡಿಸಿದಂತಿತ್ತು.

ಭಾನುವಾರ ಬೆಳಿಗ್ಗೆ ಬಂದವರೆಲ್ಲ ಕಪಾಟಿನ ಎದುರು ಕಣ್ಣು ಕಣ್ಣು ಬಿಟ್ಟರು.

"ಇದ್ರಲ್ಲಿ ನನ್ನದು ಯಾವ್ದಮ್ಮಾ?" ಅಂದರು ದರ್ಜಿ.

"ಒಳಗೆ ಹಾಡು ಒಂದೇ ಅಲ್ವಾ ಅಂಕಲ್, ಯಾವ್ದಾದ್ರೂ ತಗೊಳ್ಳಿ!" ಅಂದೆ, ದೊಡ್ಡ ಜ್ಞಾನಿಯ ಹಾಗೆ.

ಆ ಖುಷಿಯಲ್ಲಿ, ಮನೆಯಿಂದ ತಂದ ದೊಡ್ಡಮ್ಮನ ಪುಸ್ತಕ ಹಿಡಿದು ಗಂಟಲು ಬಿಟ್ಟು ಹಾಡಿದೆ. ನಾನು ಇಂಗ್ಲಿಷ್ ಮೀಡಿಯಂ. ಕನ್ನಡ ಓದುತ್ತೇನೆ, ಆದರೆ ಒತ್ತಕ್ಷರ ಬಂದರೆ ಮೆಟ್ಟಿಲು ಇಳಿದ ಹಾಗೆ ಒಂದೊಂದೇ ಕಾಲಿಟ್ಟು ಇಳಿಯಬೇಕು. ಸಭೆಯೆಲ್ಲ ಆಮೆನ್ ಮುಟ್ಟಿದಾಗ ನಾನಿನ್ನೂ 'ಸ್ತೋತ್ರ'ದಲ್ಲೇ ಇದ್ದೆ. ಆದರೂ ಬಿಡಲಿಲ್ಲ, ಒಬ್ಬಳೇ ಮುಗಿಸಿದೆ.

ಪ್ರಸಂಗದ ಹೊತ್ತಿಗೆ ದೊಡ್ಡಮ್ಮ ಬಂದು ಕಪಾಟು ನೋಡಿದಳು. ಒಂದು ಪುಸ್ತಕ ಉಳಿದಿತ್ತು. ಕೈಗೆ ತೆಗೆದುಕೊಂಡಳು, ತಿರುಗಿಸಿದಳು, ಬೈಂಡಿನ ಮೇಲೆ ಬೆರಳಾಡಿಸಿದಳು.

"ಇದು ಯಾರ್ದೇ?"

ಬೈಂಡ್ ಬಿಚ್ಚಿದರೆ ಎಣ್ಣೆ ಕಲೆ ಕಂಡಿತು. ಬಡಗಿಯದು. ಬಡಗಿಯಾದರೋ ಎದುರಿಗೇ ಕೂತು ತೂಕಡಿಸುತ್ತಿದ್ದ, ಕೈಯಲ್ಲಿ ಇನ್ಯಾರದೋ ಪುಸ್ತಕ. ಯಾರೋ ಒಬ್ಬರು ಬಂದಿಲ್ಲ, ಯಾರೆಂದು ಹೇಳಬೇಕಾದ ಪುಸ್ತಕದ ಬಾಯಿಗೆ ನಾನೇ ಕಾಗದ ಮೆತ್ತಿದ್ದೆ. ಎಣಿಸೋಣವೆಂದರೆ ಅವತ್ತು ಪಕ್ಕದೂರಿನ ಹಾಡಿನ ತಂಡ ಬೇರೆ ಬಂದು ಬೆಂಚುಗಳೆಲ್ಲ ತುಂಬಿದ್ದವು. ದೊಡ್ಡಮ್ಮ ಕೊನೆಯ ಗಂಟೆ ಹೊಡೆದು ಹೊರಬರುವಷ್ಟರಲ್ಲಿ ಮಳೆ ಹನಿಯಿತು, ಜನ ಚದುರಿಯೇಬಿಟ್ಟರು.

ಅವಳು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಕಣ್ಣು ಮುಚ್ಚಿ ಆವತ್ತಿನ ಹಾಡು ನೆನಪಿಸಿಕೊಂಡಳು.

"ದರ್ಜಿ ಶ್ರುತಿ ಮೇಲೆ ಎತ್ಕೊಂಡ, ಬಂದಿದ್ದಾನೆ. ನರ್ಸಮ್ಮ ಕೆಮ್ಮಿದ್ಳು. ಗಡಿಯಾರದಣ್ಣ ಯಾವತ್ತಿನ ಹಾಗೆ ಎಲ್ಲರಿಗಿಂತ ಹಿಂದೆ ಬಿದ್ದು ಮುಗಿಸಿದ, ಅವನೂ ಬಂದಿದ್ದಾನೆ. ಗುಂಡಿ ಅಂಗಡಿಯವಳ ದನಿ ಕೇಳಿಸ್ಲಿಲ್ಲ. ನಡಿ."

ಗುಂಡಿ ಅಂಗಡಿಯವಳು ಬಾಗಿಲಲ್ಲೇ ಕೊಡೆ ಒದರುತ್ತಿದ್ದಳು. "ಅಯ್ಯೋ, ಎರಡನೇ ಬೆಂಚಲ್ಲೇ ಇದ್ನಲ್ಲ! ಗಂಟಲು ಕಟ್ಟಿದೆ, ಬರೀ ತುಟಿ ಆಡಿಸ್ದೆ." ಇನ್ನೂ ಎರಡು ಮನೆ ಸುತ್ತಿದೆವು. ಎಲ್ಲರೂ ಬಂದಿದ್ದವರೇ. ಮೂರನೇ ಮನೆಯ ಮೆಟ್ಟಿಲು ಇಳಿಯುವಾಗ ನನ್ನ ತಲೆಯೊಳಗೆ ಗಂಟೆ ಹೊಡೆಯಿತು.

"ದೊಡ್ಡಮ್ಮಾ, ಆ ಹಿಂದೆ ಬಿದ್ದ ದನಿ... ಹೇಗಿತ್ತು?"

"ಕೀರಲಾಗಿತ್ತು ಕಣೆ. ಪಾಪ, ಅವನಿಗೆ ಶೀತ ಆಗಿದೆ ಅಂದ್ಕೊಂಡೆ."

"ಅದು ನಾನು."

ದೊಡ್ಡಮ್ಮ ಸೀರೆ ಎತ್ತಿ ಕಟ್ಟಿ ಓಡಿದಳು. ಐವತ್ತೆಂಟು ವರ್ಷದವಳ ಹಿಂದೆ ಇಪ್ಪತ್ತರ ನಾನು ಏದುಸಿರು ಬಿಡುತ್ತಾ ಓಡಿದೆ.

ಗಡಿಯಾರ ರಿಪೇರಿ ಮಾಡುವ ಗಡಿಯಾರದಣ್ಣ ಊರಂಚಿನ ಒಂಟಿ ಕೋಣೆಯಲ್ಲಿ ಒಬ್ಬನೇ ಇರುತ್ತಾನೆ. ಬಾಗಿಲು ತಳ್ಳಿದರೆ ಗೋಡೆ ತುಂಬ ಟಿಕ್ ಟಿಕ್, ಕೆಳಗೆ ಉರುಳಿದ ಸ್ಟೂಲ್, ಅದರ ಪಕ್ಕದಲ್ಲಿ ಅವನು. ಎಡಗಾಲು ಬಾತು ಕುಂಬಳಕಾಯಿಯಾಗಿತ್ತು.

"ಬಿದ್ದು ಎಷ್ಟೊತ್ತಾಯ್ತೋ ಅಣ್ಣಾ?" ದೊಡ್ಡಮ್ಮ ಅವನ ತಲೆಯನ್ನು ಮಡಿಲಿಗೆ ಎಳೆದುಕೊಂಡಳು.

"ಏಳೂ ಹತ್ತಕ್ಕೆ. ಇಲ್ಲಿ ಟೈಮ್ ತಪ್ಪೋದಿಲ್ಲ." ತುಟಿ ಒಣಗಿತ್ತು, ದನಿ ನಡುಗುತ್ತಿತ್ತು. "ಕೂಗಿ ಕೂಗಿ ಬಿಟ್ಟೆ. ಹತ್ತೂವರೆಗೆ ಪುಸ್ತಕ ಬರುತ್ತಲ್ಲ ಅಂತ ಸುಮ್ನೆ ಮಲಗಿದ್ದೆ. ಹನ್ನೊಂದೂವರೆ ಆದ್ರೂ ಬರ್ಲಿಲ್ಲ ನೋಡು, ಆಗ ಹೆದರಿಕೆ ಆಯ್ತು."

ನನಗೆ ನಿಂತ ನೆಲ ಬಾಯಿ ಬಿಡಬಾರದೇ ಅನ್ನಿಸಿತು. ನೀರು ತಂದು ಕುಡಿಸಿದೆ, ನರ್ಸಮ್ಮನನ್ನು ಕರೆಯಲು ಮತ್ತೆ ಓಡಿದೆ.

ಕಾಲಿನ ಮೂಳೆ ಬಿರುಕು ಬಿಟ್ಟಿತ್ತು, ಆರು ವಾರ ಪಟ್ಟಿ. ಅವತ್ತು ಸಂಜೆ ದೊಡ್ಡಮ್ಮ ಮತ್ತು ನಾನು ನೆಲದಲ್ಲಿ ಕೂತು ಬೈಂಡ್ ಬಿಚ್ಚಿದೆವು. ಕಸದ ಚೀಲ ಸುರಿದು ದಾರ, ಟಿಕೆಟ್, ಎಲೆ ಹುಡುಕಿದ್ದು ನಾನೊಬ್ಬಳೇ. ಅವು ಸೇರಬೇಕಾದ ಪುಸ್ತಕ ಯಾವುದೆಂದು ಅವಳು ನೋಡದೆಯೇ ಹೇಳಿದಳು.

ಆರು ಭಾನುವಾರವೂ ಗಡಿಯಾರದಣ್ಣನ ಪುಸ್ತಕ ಒಯ್ಯುವ ಕೆಲಸ ನನ್ನದಾಯಿತು. ಅಲ್ಲಿ ಕೂತು ಇಬ್ಬರೂ ಹಾಡುತ್ತಿದ್ದೆವು. "ನಿನ್ ಜೊತೆ ಹಾಡಿದ್ರೆ ನಾನೇ ಫಾಸ್ಟ್ ಕಣಮ್ಮಾ" ಅಂತ ಅವನಿಗೆ ಬಲು ಹೆಮ್ಮೆ. ವರದಿಯನ್ನೂ ಮುಗಿಸಿದೆ. ಇಟ್ಟಿಗೆಯ ಫೋಟೊ ಮಾತ್ರ ಹಾಕಲಿಲ್ಲ.

ರಜೆಯ ಕೊನೆಯ ಭಾನುವಾರ ಗಂಟೆ ಹೊಡೆದರೂ ನಾನು ಮುಸುಕೆಳೆದು ಮಲಗಿದ್ದೆ. ಹತ್ತೂವರೆಗೆ ಸರಿಯಾಗಿ ಕೋಣೆಯ ಬಾಗಿಲು ತಟ್ಟಿದ ಸದ್ದು. ತನ್ನದೇ ಮನೆಯಲ್ಲಿ ದೊಡ್ಡಮ್ಮ ಅತಿಥಿಯ ಹಾಗೆ ಹೊರಗೆ ನಿಂತಿದ್ದಳು. ಕಪಾಟಿನ ಪಕ್ಕಕ್ಕೆ ಬಡಗಿ ಅರವತ್ಮೂರನೇ ಗೂಡು ಹೊಡೆದಿದ್ದನಂತೆ, ನನಗೆ ಗೊತ್ತೇ ಇರಲಿಲ್ಲ. ಅವಳ ಕೈಯಲ್ಲಿದ್ದ ಪುಸ್ತಕ ಯಾರದೆಂದು ದೂರದಿಂದಲೇ ತಿಳಿಯುತ್ತಿತ್ತು. ಬ್ರೌನ್ ಬೈಂಡ್ ಇದ್ದದ್ದು ಅದೊಂದಕ್ಕೇ.

"ಪುಸ್ತಕ ನಿಮ್ಮನ್ನ ಕೇಳ್ಕೊಂಡು ಬಂತು" ಅಂದಳು.