ಬಲ್ಬಿನ ಮೇಲೆ ಬರೆದ ತಾರೀಖು

ಗೆಳತಿ ನೀಲಗಂಗಾ ಫೆಬ್ರವರಿ ಒಂಬತ್ತರ ಬೆಳಿಗ್ಗೆ ತೀರಿಕೊಂಡಳು. ಐವತ್ತೆರಡು ವರ್ಷ. ಕ್ಯಾನ್ಸರ್.

ಗದಗದವಳು. ಅಮೆರಿಕದ ಆಬರ್ನ್ ಹಿಲ್ಸ್‌ನಲ್ಲಿ ಹತ್ತೊಂಬತ್ತು ವರ್ಷ ಕಾರಿನ ಹೆಡ್‌ಲೈಟು ಪರೀಕ್ಷಿಸುವ ಎಂಜಿನಿಯರ್ ಆಗಿದ್ದಳು. ಮನೆಯ ಬೇಸ್‌ಮೆಂಟಿನಲ್ಲಿ ಗೋಸುಂಬೆಗಳನ್ನು ಸಾಕಿದ್ದಳು. ಕನ್ನಡ ಕೂಟದ ಊಟಗಳಲ್ಲಿ ಅದನ್ನು ಹೇಳಿಕೊಂಡು ಎಲ್ಲರೂ ನಗುತ್ತಿದ್ದರು, ನಾನೂ ನಕ್ಕವಳೇ. ಆದರೆ ನನ್ನ ಮಗಳು ಇಂಚರ ಹಟ ಹಿಡಿದು ಅವಳ ಮನೆಯಿಂದ ಒಂದು ಮರಿ ತಂದಳು, ಪಚ್ಚೆ ಎಂದು ಹೆಸರಿಟ್ಟಳು.

ಹೋದ ವರ್ಷ ಜನವರಿಯಲ್ಲಿ ಪಚ್ಚೆಯ ನಾಲಿಗೆ ಹುಳುವಿನತ್ತ ಅರ್ಧ ದೂರವೂ ಹೋಗದಾಯಿತು. ಕೊಂಬೆ ಹಿಡಿಯಲಾಗದೆ ಎರಡು ಸಲ ಬಿತ್ತು. ಹಗಲಲ್ಲೇ ಕಣ್ಣು ಮುಚ್ಚಿ ಕೂರುತ್ತಿತ್ತು. ಇಂಚರ ಊಟ ಬಿಟ್ಟಳು. ನಾನು ಎಳೆಗೂಸಿಗೆ ಮಾಡುವಂತೆ ಗೂಡನ್ನು ದಿನಾ ಕಿಟಕಿಯ ಬಿಸಿಲಿಗೆ ಸರಿಸುತ್ತಿದ್ದೆ.

ಫೋನ್ ಮಾಡಿದ ಅರ್ಧ ಗಂಟೆಗೆ ನೀಲಗಂಗಾ ಲಿವೋನಿಯಾದ ನಮ್ಮ ಮನೆಯಲ್ಲಿದ್ದಳು. ಮೊದಲು ಪಚ್ಚೆಯ ಮುಂಗಾಲು ನೋಡಿದಳು. ಅದು ಬಾಗಿತ್ತು.

"ಏ ಸುಚೇತಾ, ಇದಕ್ಕ ಬೇಕಾದ ಬಿಸಿಲಿನ ಯುವಿ ಕಿರಣ ಗಾಜು ದಾಟಂಗಿಲ್ಲ. ಈ ಯುವಿ ಬಲ್ಬ್ ಯಾವಾಗ ಹಾಕಿದ್ದಿ?"

"ಮರಿ ತಂದಾಗಿಂದೇ ಕಣೇ. ಒಂದೂವರೆ ವರ್ಷ ಆಯ್ತು. ಚೆನ್ನಾಗಿ ಉರೀತಿದೆಯಲ್ಲ, ಯಾಕೆ ಎಸೀಲಿ?"

"ಮೊಸರಿನ ಡಬ್ಬಿ ತೊಳದು ಇಟ್ಕೊಳ್ಳೋ ಮಂದಿ ನಾವು!" ಎಂದು ನಕ್ಕು, ಚೀಲದಿಂದ ಯುವಿ ಅಳೆಯುವ ಮೀಟರ್ ತೆಗೆದು ಬಲ್ಬಿನ ಕೆಳಗೆ ಹಿಡಿದಳು. ಸೊನ್ನೆ. "ನೋಡಿಲ್ಲಿ. ಬೆಳಕದ, ಯುವಿ ಸತ್ತು ಎಷ್ಟ ದಿನ ಆತೋ. ಅದಿಲ್ಲದ ಕ್ಯಾಲ್ಸಿಯಂ ಎಲುಬಿಗೆ ಹತ್ತಂಗಿಲ್ಲ."

"ಆಂಟಿ, ಈಸ್ ಹಿ ಗೋಯಿಂಗ್ ಟು ಡೈ?" ಎಂದಳು ಇಂಚರ.

"ಗೊತ್ತಿಲ್ಲ ಅವ್ವಿ. ಡಾಕ್ಟರ್ ಕಡೆ ಹೋಗೋಣ, ನಡಿ."

ಸರೀಸೃಪಗಳನ್ನು ನೋಡುವ ಪಶುವೈದ್ಯೆ ಇದ್ದದ್ದು ನಲವತ್ತು ಮೈಲಿ ಆಚೆ. ಹಿಮದಲ್ಲಿ ನೀಲಗಂಗಾ ತಾನೇ ಡ್ರೈವ್ ಮಾಡಿದಳು. ವೈದ್ಯೆ ಕ್ಯಾಲ್ಸಿಯಂ ಔಷಧಿ ಕೊಟ್ಟರು. ಅದನ್ನು ಹನಿ ಹನಿಯಾಗಿ ಕುಡಿಸಲು ನೀಲಗಂಗಾ ಆರು ವಾರ, ದಿನಾ ಕೆಲಸ ಮುಗಿಸಿ ನಮ್ಮಲ್ಲಿಗೆ ಬಂದಳು. ಗುಳಿಬಿದ್ದ ಕಣ್ಣು ನೀರಡಿಕೆಯದು, ಬಣ್ಣ ಕಪ್ಪಾಗಿಯೇ ಉಳಿದರೆ ಸಂಕಟದ್ದು ಎಂದು ಇಂಚರಳಿಗೆ ಕಲಿಸಿದಳು. ಮಾರ್ಚ್‌ನಲ್ಲಿ ಪಚ್ಚೆ ಪೂರಾ ನಾಲಿಗೆ ಚಾಚಿ ಹುಳು ಹಿಡಿಯಿತು. ಕಾಲು ಬಾಗಿಯೇ ಇದೆ, ಪಚ್ಚೆ ಬದುಕಿದೆ. ಈ ಋಣ ನಾನು ಮರೆಯುವಂಥದ್ದಲ್ಲ.

ನೀಲಗಂಗಾಳ ಕಾಯಿಲೆ ಗೊತ್ತಾದದ್ದು ಅಕ್ಟೋಬರಿನಲ್ಲಿ. ಫೆಬ್ರವರಿ ಎಂಟರ ಸಂಜೆ ಇಂಚರ ಹೊಸ ಬಲ್ಬನ್ನು ಆಸ್ಪತ್ರೆಗೇ ತಂದಿದ್ದಳು.

"ಉರೀತದ ಅಂತ ಬಿಡಬ್ಯಾಡ, ಆರು ತಿಂಗಳಿಗೊಮ್ಮೆ ಬದಲಿಸು," ಎಂದು ನೀಲಗಂಗಾ ಮಾರ್ಕರ್ ಕೇಳಿದಳು. ಆರು ತಿಂಗಳು ಎಣಿಸಿ, ಬಲ್ಬಿನ ಬುಡದಲ್ಲಿ 'ಆಗಸ್ಟ್ 8' ಎಂದು ಬರೆದಳು. ಎಂಟು ಸರಿಯಾಗಿ ಮೂಡಲಿಲ್ಲ. ಅದರ ಮೇಲೆಯೇ ಇನ್ನೊಮ್ಮೆ ತಿದ್ದಿ, ಮಾರ್ಕರಿನ ಮುಚ್ಚಳ ಹಾಕಿ, ಬಲ್ಬನ್ನು ಇಂಚರಳ ಕೈಗಿಟ್ಟಳು.