ಹೆಬ್ಬೆಟ್ಟಿನ ಅಳತೆ

ಸೈಕಲ್ ಕಟ್ಟುವುದು ನನ್ನ ಕೆಲಸ, ಅದರಲ್ಲಿ ನನಗೆ ಯಾರೂ ಹೇಳಿಕೊಡಬೇಕಿಲ್ಲ. ಸೊರಬದ ಮೇಷ್ಟರೊಬ್ಬರು ದಿನಾ ಬಂದಳಿಕೆ ಕಡೆಯ ಶಾಲೆಗೆ ಹೋಗಲು ತಮ್ಮ ಅಳತೆಗೆ ತಕ್ಕ ರೋಡ್ ಬೈಕ್ ಕೇಳಿದರು. ಮುಂದಿನ ಚಕ್ರ ಹಿಡಿಯುವ ಫೋರ್ಕ್ ಯಾವುದೆಂದು ನಾನು ಯೋಚಿಸುವ ಗೋಜಿಗೇ ಹೋಗಲಿಲ್ಲ. ಹಗುರವಾದ, ಟೈರಿಗೆ ಅಂಟಿದಂತಿರುವ ಕಾರ್ಬನ್ ಫೋರ್ಕ್ ಹಾಕಿದೆ.

ಕೊಡುವ ಮುಂಚೆ ಓಡಿಸಿ ನೋಡೋಣವೆಂದು ಶಿಕಾರಿಪುರದ ನನ್ನ ಅಂಗಡಿಯಿಂದ ಹೊರಟೆ. ಅಂಜನಾಪುರದ ಹತ್ತಿರ ಗದ್ದೆಯಿಂದ ಬಂದ ಟ್ರ್ಯಾಕ್ಟರುಗಳು ರಸ್ತೆ ತುಂಬ ಕೆಸರು ಮಾಡಿದ್ದವು. ನೂರು ಮಾರು ಹೋಗುವಷ್ಟರಲ್ಲಿ ಫೋರ್ಕಿನೊಳಗೆ ಕೆಸರು ಮೆತ್ತಿ ಚಕ್ರ ಕಚ್ಚಿಕೊಂಡಿತು.

ಕುರಿ ಹೊಡೆದುಕೊಂಡು ಬರುತ್ತಿದ್ದ ಹಿರಿಯರೊಬ್ಬರು ಕೋಲಿನಿಂದ ಅದನ್ನು ಕೆದಕಿ ತೆಗೆದರು. ಆಮೇಲೆ ಫೋರ್ಕಿಗೂ ಟೈರಿಗೂ ನಡುವೆ ಹೆಬ್ಬೆರಳು ತೂರಿಸಲು ನೋಡಿದರು. ಅದು ಹೋಗಲಿಲ್ಲ.

“ಇದು ಗಾಳಿ ಸೀಳೋಕೆ ಮಾಡಿರೋ ಫೋರ್ಕು,” ಎಂದೆ.

“ನಾನು ಹೆಬ್ಬೆಟ್ಟು ರೀ, ಓದಿದವನಲ್ಲ. ಆದ್ರೆ ನನ್ನ ಹೆಬ್ಬೆಟ್ಟೇ ಹೋಗದ ಸಂದಿನಾಗೆ ಈ ಕೆಸರು ಹೆಂಗ್ ದಾಟಿ ಹೋಗ್ತೈತ್ರೀ?”

ಮೇಷ್ಟರಿಗೆ ಸಂದಿ ಅಗಲವಿರುವ ಸ್ಟೀಲ್ ಫೋರ್ಕ್ ಹಾಕಿಕೊಟ್ಟೆ. ಈಗ ಎಷ್ಟೇ ಓದಿದ ಗಿರಾಕಿ ಬಂದರೂ, ಫೋರ್ಕ್ ಆರಿಸುವ ಮುಂಚೆ ಅದರ ಸಂದಿಯಲ್ಲಿ ಒಂದು ಹೆಬ್ಬೆಟ್ಟು ಒತ್ತಿಸಿಕೊಳ್ಳುತ್ತೇನೆ.